ನಮ್ಮ ಕಡೆ ಮೋಟಾರು ಓಡುವುದಿಲ್ಲ

ಇಂಗ್ಲಿಷಿನ ‘ರನ್’ ಎಂಬ ಪದ ಕಿವಿಗೆ ಬಿದ್ದರೆ ನನಗೆ ಈಗ ಅಸಂಗಿಯ ಒಂದು ದ್ರಾಕ್ಷಿ ತೋಟ, ಬೇವಿನ ಗಿಡದ ಕೆಳಗಿನ ತಗಡಿನ ಪೆಟ್ಟಿಗೆ, ಒಬ್ಬ ಅಜ್ಜಿಯ ನಗು ಎಲ್ಲ ಒಟ್ಟಿಗೆ ನೆನಪಾಗುತ್ತವೆ. ಅದಕ್ಕೂ ಮುಂಚೆ ಅದು ನನ್ನ ಪಾಲಿಗೆ ಚಿಕ್ಕ ಮಕ್ಕಳ ಪದವಾಗಿತ್ತು. ಓಡು ಎಂದರೆ ಕೆಲಸ ಮುಗಿಯುತ್ತಿತ್ತು.

ಗಡಿಯಾಚೆ ಮರಾಠಿ ಸೀಮೆಯಲ್ಲಿರುವ ಜತ್ತದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಅನುವಾದದ ಅಂಗಡಿ ಇದೆ. ಅಂಗಡಿ ಎಂದರೆ ಒಂದು ಕಂಪ್ಯೂಟರು, ಒಂದು ಪ್ರಿಂಟರು, ಎದುರಿಗೆ ಎರಡು ಕುರ್ಚಿ. ಮರಾಠಿಯಲ್ಲಿರುವ ಹೊಲದ ಕಾಗದಗಳನ್ನು ಕನ್ನಡಕ್ಕೆ, ಕನ್ನಡದ ಲಗ್ನಪತ್ರಿಕೆಗಳನ್ನು ಮರಾಠಿಗೆ ಮಾಡಿಕೊಡುವುದು ನನ್ನ ದಿನನಿತ್ಯದ ಕೆಲಸ. ಕಳೆದ ವರ್ಷ ದ್ರಾಕ್ಷಿಯ ಛಾಟಣಿ, ಅಂದರೆ ಬಳ್ಳಿ ಕತ್ತರಿಸುವ ಹಂಗಾಮು, ಹತ್ತಿರ ಬಂದಾಗ ಸಾಂಗಲಿ ಕಡೆಯ ಒಬ್ಬ ಇಂಜಿನಿಯರು ಬಂದು ಆ ಕುರ್ಚಿಯಲ್ಲಿ ಕುಳಿತರು. ಮೊಬೈಲ್ ಸ್ಟಾರ್ಟರ್ ತಯಾರಿಸುವ ಸಣ್ಣ ಕಾರ್ಖಾನೆ ಅವರದು. ಬೋರ್‌ವೆಲ್ಲಿನ ಮೋಟಾರಿಗೆ ಈ ಪೆಟ್ಟಿಗೆಯನ್ನು ಜೋಡಿಸಿ ಒಳಗೊಂದು ಸಿಮ್ ಹಾಕಿದರೆ ಆಯಿತು, ಮನೆಯಲ್ಲೇ ಕುಳಿತು ಅದಕ್ಕೆ ಫೋನು ಮಾಡಿ ಮೋಟಾರನ್ನು ಶುರು ಮಾಡಬಹುದು, ನಿಲ್ಲಿಸಬಹುದು. ಕರೆಂಟು ಬಂದರೆ ಪೆಟ್ಟಿಗೆಯೇ ಮೋಟಾರು ಶುರು ಮಾಡುತ್ತದೆ, ತೊಂದರೆಯಾದರೆ ನಿಲ್ಲಿಸುತ್ತದೆ, ಎರಡನ್ನೂ ಫೋನು ಮಾಡಿ ಹೇಳುತ್ತದೆ. ಮರಾಠಿ, ಹಿಂದಿ ಎರಡೂ ಅದಕ್ಕೆ ಆಗಲೇ ಬರುತ್ತಿದ್ದವು. ಗಡಿಯ ಹಳ್ಳಿಗಳಿಗಾಗಿ ಕನ್ನಡ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು.

ಮಾತಾಡುವ ಪೆಟ್ಟಿಗೆಗೆ ಮಾತು ಕಲಿಸುವುದೆಂದರೆ ಯಾರಿಗೆ ಬೇಡ? ಎಷ್ಟೋ ವರ್ಷದಿಂದ ಹೊಲಗಳ ಗಟ ನಂಬರು, ಚತುಸ್ಸೀಮೆ ಬರೆದು ಬೇಸತ್ತಿದ್ದ ನನಗೆ ಅವತ್ತು ಮನೆಗೆ ಹೋಗುವಾಗ ಕಾಲು ನೆಲಕ್ಕೆ ತಾಗಲಿಲ್ಲ.

ಇಂಜಿನಿಯರು ಒಂದು ಷರತ್ತು ಹಾಕಿದ್ದರು. ಪೆಟ್ಟಿಗೆಯೊಳಗಿನ ಎಲೆಕ್ಟ್ರಾನಿಕ್ ಚಿಪ್‌ನಲ್ಲಿ ದನಿ ತುಂಬುವ ಜಾಗ ಬಹಳ ಕಡಿಮೆ. ಅದಕ್ಕೆ ಪೂರ್ತಿ ವಾಕ್ಯಗಳನ್ನು ತುಂಬುವುದಿಲ್ಲ, ತುಂಡು ತುಂಡು ಪದಗಳನ್ನು ತುಂಬಿ ಬೇಕಾದಾಗ ಜೋಡಿಸಿ ನುಡಿಸುತ್ತಾರೆ. ಮೋಟಾರು ನಡೆಯುತ್ತಿದ್ದರೆ ‘ರನ್’. ನೀರಿಲ್ಲದೆ ಬರಿದೇ ತಿರುಗಿದರೆ ‘ಡ್ರೈ ರನ್’. ಸುಮ್ಮನೆ ಒಂದು ಗಳಿಗೆ ಪರೀಕ್ಷಿಸಿದರೆ ‘ಟೆಸ್ಟ್ ರನ್’. ಎಷ್ಟು ಹೊತ್ತು ನಡೆಯಿತೆಂದು ಹೇಳಬೇಕಾದರೆ ‘ರನ್ ಟೈಮ್’. ಇವೆಲ್ಲಕ್ಕೂ ಅಂಟಿಕೊಳ್ಳುವ ‘ರನ್’ ಒಂದೇ ತುಂಡು.

“ಮ್ಯಾಡಮ್, ನನಗೆ ‘ರನ್’ಗೆ ಒಂದೇ ಒಂದು ಕನ್ನಡ ಪದ ಕೊಡಿ. ಅದನ್ನೇ ಎಲ್ಲ ಕಡೆ ಅಂಟಿಸುತ್ತೇನೆ,” ಎಂದರು ಮರಾಠಿಯಲ್ಲಿ. ಅವರಿಗೆ ಕನ್ನಡ ಬರುತ್ತಿರಲಿಲ್ಲ. “ಮೊಬೈಲಿನಲ್ಲಿ ಹಾಕಿ ನೋಡಿದೆ, ‘ಒಣ ಓಟ’ ಅಂತ ತೋರಿಸಿತು. ಸರಿ ಇದೆಯೇ?”

ಒಣ ಓಟ ಎಂದು ಕೇಳಿ ನನಗೆ ನಗು ತಡೆಯಲಾಗಲಿಲ್ಲ. ಅವರೂ ಯಾಕೆಂದು ತಿಳಿಯದೆ ನಕ್ಕರು.

ಮಧ್ಯಾಹ್ನ ಗಿರಾಕಿಗಳಿಲ್ಲದಾಗ ನಿಘಂಟು ತೆರೆದು ಕುಳಿತೆ. ಆ ಪದಕ್ಕೆ ಪುಟ ತಿರುಗಿಸಿದಷ್ಟೂ ಅರ್ಥಗಳು. ಇಂಗ್ಲಿಷಿನವರ ಮೂಗೂ ಓಡುತ್ತದೆ, ನಲ್ಲಿಯೂ ಓಡುತ್ತದೆ, ಗಡಿಯಾರ ಓಡುತ್ತದೆ, ಬಸ್ಸು ಓಡುತ್ತದೆ, ಒಗೆದ ಬಟ್ಟೆಯ ಬಣ್ಣ ಓಡುತ್ತದೆ, ಅಂಗಡಿಯನ್ನು ಓಡಿಸುತ್ತಾರೆ, ಜ್ವರ ಬಂದರೂ ಓಡಿಸುತ್ತಾರೆ, ಹಿಟ್ಟು ಮುಗಿದರೂ ಓಡಿಹೋಯಿತು ಎನ್ನುತ್ತಾರೆ. ನಮ್ಮಲ್ಲಿ ಮೂಗು ಸೋರುತ್ತದೆ, ನೀರು ಹರಿಯುತ್ತದೆ, ಗಡಿಯಾರ ನಡೆಯುತ್ತದೆ, ಬಸ್ಸು ಅಡ್ಡಾಡುತ್ತದೆ, ಬಟ್ಟೆ ಬಣ್ಣ ಬಿಡುತ್ತದೆ, ಹಿಟ್ಟು ತೀರುತ್ತದೆ. ಚುನಾವಣೆಯ ಅರ್ಥಕ್ಕೆ ಬಂದಾಗಲಂತೂ ಒಬ್ಬಳೇ ಕುಳಿತು ನಕ್ಕೆ. ಅವರ ಉಮೇದುವಾರರು ಓಡುತ್ತಾರೆ, ನಮ್ಮವರು ನಿಲ್ಲುತ್ತಾರೆ. ಪಕ್ಕದ ಝೆರಾಕ್ಸ್ ಅಂಗಡಿಯವರು ಇಣುಕಿ ನೋಡಿ ಹೋದರು.

ಇಷ್ಟೆಲ್ಲ ಗೊತ್ತಾದ ಮೇಲೂ ನಾನು ಮಾಡಿದ್ದೇನು? ಒಂದೇ ಪದ ಬೇಕೆಂದಿದ್ದರಲ್ಲ, ಕೊಟ್ಟೆ. ಚಾಲನೆ. ಮೋಟಾರು ಚಾಲನೆಯಲ್ಲಿದೆ, ಪರೀಕ್ಷಾ ಚಾಲನೆ, ಚಾಲನಾ ಅವಧಿ, ಶುಷ್ಕ ಚಾಲನೆ. ಬರೆದು ಓದಿಕೊಂಡರೆ ಸರಕಾರಿ ಪುಸ್ತಕದ ಹಾಗೆ ಗಂಭೀರವಾಗಿ ಕಂಡಿತು. ವಿಜಯಪುರದ ಸ್ಟುಡಿಯೋದಲ್ಲಿ ಗಟ್ಟಿ ದನಿಯ ಒಬ್ಬ ಗಂಡಸಿನಿಂದ ಹೇಳಿಸಿದೆವು. ಪೆಟ್ಟಿಗೆಯ ಮೇಲೆ ಅಂಟಿಸಲು ಕನ್ನಡ ಅಕ್ಷರದ ಸ್ಟಿಕರುಗಳನ್ನೂ ನಾನೇ ಮುದ್ರಿಸಿದೆ.

ಮೊದಲ ಪೆಟ್ಟಿಗೆಯನ್ನು ಅಸಂಗಿಯ ಒಂದು ತೋಟದಲ್ಲಿ ಕೂರಿಸುವುದೆಂದು ನಿಗದಿಯಾಗಿತ್ತು. ಆ ತೋಟ ನೋಡಿಕೊಳ್ಳುವವರು ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಹಾಗಾಗಿ ಅಕ್ಕ ಎಂದೇ ಕರೆದೆ. ಅವರ ಯಜಮಾನರು ಲಾರಿ ಡ್ರೈವರು, ತಿಂಗಳಿಗೊಮ್ಮೆ ಮನೆಗೆ ಬರುವವರು. ಮನೆಯಲ್ಲಿ ಅಕ್ಕ ಮತ್ತು ಅವರ ಅತ್ತೆ, ಇಬ್ಬರೇ. ನಾವು ಹೋದಾಗ ಛಾಟಣಿ ಮುಗಿದು ಬಳ್ಳಿಗಳೆಲ್ಲ ಬೋಳಾಗಿ ನಿಂತಿದ್ದವು.

“ಬರ್ರಿ, ಕುಂದ್ರಿ,” ಎಂದು ನೀರು ಕೊಟ್ಟ ಅಕ್ಕ ತಮ್ಮ ತೊಡಕನ್ನು ನೇರವಾಗಿ ಮುಂದಿಟ್ಟರು. “ಮಗಳಿಗಿ ಚೊಚ್ಚಲ ಅದರಿ. ಸೋಲಾಪುರದಾಗ ಬೀಗರ ಮನ್ಯಾಗ ಕುಬಸ ಇಟ್ಟಾರ, ಬರೂ ಸೋಮವಾರ. ಹಡದ ತಾಯಿ ಹೋಗಲಿಲ್ಲಂದ್ರ ಹ್ಯಾಂಗ್ರಿ? ಖರೆ ಇದು ಬಳ್ಳಿ ಚಿಗರಿನ ಕಣ್ಣ ಬಿಡೂ ಹೊತ್ತು. ಈಗ ನೀರ ತಪ್ಪಿದ್ರ ವರ್ಸದ ಬೆಳಿ ಹೋಗ್ತದ.”

ಕುಬಸವೆಂದರೆ ಬಸುರಿ ಮಗಳಿಗೆ ತಾಯಿ ಕೈಯಾರೆ ಕುಪ್ಪಸ ತೊಡಿಸುವ ಸಂಭ್ರಮ. ಅದಕ್ಕೆ ಹೋಗಿ ಬರಲು ಎರಡು ದಿನ ಬೇಕು. ಕರೆಂಟು ಯಾವಾಗ ಬರುತ್ತದೋ ಯಾವಾಗ ಹೋಗುತ್ತದೋ, ಬೋರಿನ ಹತ್ತಿರ ಒಬ್ಬರು ಕೂರಲೇಬೇಕು. ನೀರು ಕೆಳಗಿಳಿದಾಗ ಯಾರೂ ನೋಡದೆ ಹಿಂದಿನ ಹಂಗಾಮಿನಲ್ಲಿ ಒಂದು ಮೋಟಾರು ಸುಟ್ಟೂ ಹೋಗಿತ್ತು. ಅತ್ತೆಗೆ ಮೊಳಕಾಲು ನೋವು, ಅಲ್ಲಿಯವರೆಗೆ ನಡೆಯಲಾಗದು. ಅಕ್ಕಪಕ್ಕದವರೆಲ್ಲ ತಮ್ಮ ತಮ್ಮ ಛಾಟಣಿಯಲ್ಲಿ ಮುಳುಗಿದ್ದರು. ಪೆಟ್ಟಿಗೆ ಸರಿಯಾಗಿ ಮಾತಾಡಿದರೆ ಅತ್ತೆ ಮನೆಯಲ್ಲೇ ಕುಳಿತು ಫೋನಿನಲ್ಲಿ ನೋಡಿಕೊಳ್ಳುತ್ತಾರೆ, ಅಕ್ಕ ಕುಬಸಕ್ಕೆ ಹೋಗುತ್ತಾರೆ. ಇಲ್ಲದಿದ್ದರೆ ಇಲ್ಲ.

ಬೋರಿನ ಪಕ್ಕದ ಬೇವಿನ ಗಿಡದ ಕೆಳಗೆ ಇಂಜಿನಿಯರು ಪೆಟ್ಟಿಗೆ ಜೋಡಿಸಿದರು. ನಾನು ಹೆಮ್ಮೆಯಿಂದ ನನ್ನ ಸ್ಟಿಕರು ಅಂಟಿಸಿ, ಓದಿ ನೋಡ್ರಿ ಅಕ್ಕಾರ ಎಂದೆ. ಅಕ್ಕ ಅದನ್ನು ನೋಡಿದರು, ನನ್ನನ್ನು ನೋಡಿದರು.

“ನಂಗ ಕನ್ನಡ ಓದಾಕ ಬರೂದಿಲ್ರಿ. ನಾ ಮರಾಠಿ ಸಾಲಿ ಕಲ್ತಾಕಿ.”

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಗಡಿಯ ಹಳ್ಳಿಗಳಲ್ಲಿ ಇದು ಮನೆಮನೆಯ ಸಂಗತಿ. ಮಾತು ಕನ್ನಡ, ಶಾಲೆ ಮರಾಠಿ. ನನ್ನ ಸ್ವಂತ ತಂಗಿಗೇ ಕನ್ನಡ ಅಕ್ಷರ ಬರುವುದಿಲ್ಲ. ಅಂಥದೇ ಊರಲ್ಲಿ ಹುಟ್ಟಿ, ಅದೇ ಅನ್ನ ಉಂಡು, ಸ್ಟಿಕರು ಮುದ್ರಿಸುವಾಗ ನನಗೆ ಅದು ಹೊಳೆಯಲೇ ಇಲ್ಲ.

ಇರಲಿ, ದನಿ ಇದೆಯಲ್ಲ ಎಂದುಕೊಂಡು ಅತ್ತೆಯ ಫೋನಿಗೆ ಪೆಟ್ಟಿಗೆಯಿಂದ ಕರೆ ಬರುವ ಹಾಗೆ ಮಾಡಿದೆವು. ಅತ್ತೆ ಕಟ್ಟೆಯ ಮೇಲೆ ಕುಳಿತು ಫೋನು ಕಿವಿಗಿಟ್ಟುಕೊಂಡರು. ಮೊದಲು ಕಾರ್ಖಾನೆಯ ಹೆಸರು ಹೇಳಿ ಸ್ವಾಗತ, ಆಮೇಲೆ ಬಳಗಕ್ಕೆ ಸೇರಿದ್ದಕ್ಕೆ ಅಭಿನಂದನೆ, ಕೊನೆಗೆ ಗಂಡಸಿನ ಗಟ್ಟಿ ದನಿ: ಶುಷ್ಕ, ಚಾಲನೆ, ಪತ್ತೆಯಾಗಿದೆ. ಒಂದೊಂದು ತುಂಡಿಗೂ ನಡುವೆ ಒಂದು ಸಣ್ಣ ಕಡಿತ.

“ಯಾರಿಂವ?” ಎಂದರು ಅತ್ತೆ. “ಅಯ್ನೋರು ಮಂತ್ರ ಹೇಳಿದಾಂಗ ಹೇಳಾಕತ್ಯಾನ. ನಾ ಏನ ಕೈ ಮುಗೀಬೇಕೇನ?”

ಅಕ್ಕ ಸೆರಗು ಬಾಯಿಗಿಟ್ಟು ನಕ್ಕರು. ಆದರೆ ನಗು ಮುಗಿದ ಮೇಲೆ ಅವರ ಮುಖ ಸಣ್ಣದಾಯಿತು. “ನಮ್ಮತ್ತಿಗಿ ತಿಳೀಲಿಲ್ಲಂದ್ರ ನಾ ಹೋಗೂದು ಆಗೂದಿಲ್ರಿ,” ಎಂದರು.

ಇಂಜಿನಿಯರು ನನ್ನನ್ನು ಬದಿಗೆ ಕರೆದರು. ಈ ಪರೀಕ್ಷೆ ಗೆದ್ದರೆ ಗಡಿಯ ಹಳ್ಳಿಗಳಿಗೆ ಹೋಗುವ ಎಲ್ಲ ಪೆಟ್ಟಿಗೆಗಳಲ್ಲೂ ಕನ್ನಡ ಇರುತ್ತದೆ, ಸೋತರೆ ಮರಾಠಿಯೇ ಸಾಕು, ಹೇಗೂ ಇಲ್ಲಿ ಎಲ್ಲರಿಗೂ ಬರುತ್ತದಲ್ಲ ಎಂದರು. ಎಲ್ಲರಿಗೂ ಬರುತ್ತದೆ ಎನ್ನುವಾಗ ಅವರ ಬೆನ್ನ ಹಿಂದೆಯೇ ಅತ್ತೆ ಕುಳಿತಿದ್ದರು, ಮರಾಠಿಯ ಒಂದು ಅಕ್ಷರವೂ ತಿಳಿಯದೆ. ನನಗೆ ಸಿಟ್ಟು ಬಂತು. ಸಿಟ್ಟು ನನ್ನ ಮೇಲೆಯೇ ಹೆಚ್ಚು. ಶನಿವಾರದವರೆಗೆ ಅವಕಾಶ ಕೊಡಿ ಎಂದು ಕೇಳಿಕೊಂಡೆ.

ಮರುದಿನ ಬೆಳಿಗ್ಗೆ ಮತ್ತೆ ಅಸಂಗಿಗೆ ಹೋಗಿ, ಹೊಸದಾಗಿ ಶುರು ಮಾಡಿದೆ. ಮೊದಲು ಅಕ್ಕನನ್ನೇ ನೇರವಾಗಿ ಕೇಳಿದೆ. “ಮೋಟರ ರನ್ ಆಗಾಕತ್ತದ ಅನ್ನೂದಕ್ಕ ನೀವು ಏನಂತೀರಿ?”

“ಮೋಟರ ರನ್ ಆಗಾಕತ್ತದ ಅಂತೀವ್ರಿ,” ಎಂದರು ಅಕ್ಕ, ಮರ್ಯಾದೆಯಿಂದ.

ಕೇಳಿದರೆ ಸಿಗುವುದಿಲ್ಲ ಎಂಬುದು ಅಲ್ಲಿಗೆ ಖಾತ್ರಿಯಾಯಿತು. ಮನೆಗೆ ಬಂದವರಿಗೆ ಅವರ ಮಾತನ್ನೇ ತಿರುಗಿ ಕೊಡುವುದು ನಮ್ಮ ಕಡೆಯ ರೀತಿ. ಆಗ ಕೇಳುವುದನ್ನೇ ಬಿಟ್ಟೆ. ಇಂಜಿನಿಯರಿಗೆ ಹೇಳಿ ಒಂದೊಂದು ಪರಿಸ್ಥಿತಿಯನ್ನು ನಿಜವಾಗಿಯೇ ಹುಟ್ಟಿಸಿದೆ. ಅವರು ಬೋರಿನ ಹತ್ತಿರ ನಿಂತು ಒಮ್ಮೆ ಮೋಟಾರು ನಡೆಸಬೇಕು, ಒಮ್ಮೆ ಫ್ಯೂಜು ತೆಗೆಯಬೇಕು, ಒಮ್ಮೆ ನೀರು ಕೆಳಗೆ ಹೋಗುವ ತನಕ ಬಿಡಬೇಕು. ಅಕ್ಕ ಅಲ್ಲಿಂದ ಮನೆಗೆ ಫೋನು ಮಾಡಿ, ಅತ್ತೆಗೆ ಕಂಡದ್ದನ್ನು ಹೇಳಬೇಕು, ಅಷ್ಟೇ. ನಾನು ಅತ್ತೆಯ ಪಕ್ಕದಲ್ಲಿ ಸ್ಪೀಕರು ಹಚ್ಚಿ ಬರೆದುಕೊಳ್ಳುತ್ತ ಕುಳಿತೆ.

ಮೊದಲ ಕರೆ ಬಂತು. “ಅತ್ತಿ, ಮೋಟರ ಚಾಲೂ ಅದ. ನೀರ ಚಲೋ ಬರಾಕತ್ತದ.”

ಸ್ವಲ್ಪ ಹೊತ್ತಿಗೆ ಇನ್ನೊಂದು. “ಕರೆಂಟ ಹೋಗಿ ಬಂತು. ಒಮ್ಮಿ ಹಚ್ಚಿ ನೋಡ್ತೀನಿ ತಡೀರಿ.”

“ಹಚ್ಚಿ ಎಷ್ಟೊತ್ತಾತು?” ಇದು ಅತ್ತೆ.

“ಹಚ್ಚಿ ಎರಡ ತಾಸ ಆತು.”

ನನ್ನ ಪೆನ್ನು ನಿಲ್ಲಲಿಲ್ಲ. ‘ರನ್’ ಒಂದೇ ಇದ್ದ ಕಡೆಗಳಲ್ಲೆಲ್ಲ ಇವರ ಬಾಯಿಂದ ಬೇರೆ ಬೇರೆ ಮಾತು ಬರುತ್ತಿತ್ತು, ಒಂದರಲ್ಲೂ ಓಟವಿಲ್ಲ, ಚಾಲನೆಯಿಲ್ಲ. ಮೋಟಾರು ಚಾಲೂ ಇರುತ್ತದೆ, ಹತ್ತುತ್ತದೆ, ತಿರುಗುತ್ತದೆ, ಎತ್ತುತ್ತದೆ, ಎಳೆಯುತ್ತದೆ. ಓಡುವುದು ಮಾತ್ರ ಇಲ್ಲ. ಕರೆಂಟು ಬಂದಾಗ ಪೆಟ್ಟಿಗೆ ಅದನ್ನು ಹಚ್ಚುತ್ತದೆ. ನನಗೆ ಕುಣಿಯಬೇಕೆನಿಸಿತು. ಕುಣಿಯಲಿಲ್ಲ, ಅತ್ತೆ ಕೊಟ್ಟ ಚಹಾ ಎರಡು ಸಲ ಕುಡಿದೆ.

ತಕರಾರು ಎದ್ದದ್ದು ಆ ಡ್ರೈ ರನ್ನಿನ ಹತ್ತಿರ. ಮಧ್ಯಾಹ್ನದ ಹೊತ್ತಿಗೆ ಬೋರಿನ ನೀರು ಕೆಳಗೆ ಹೋಗುತ್ತಿದೆಯೆಂದು ಇಂಜಿನಿಯರು ಮನೆಗೆ ಬಂದು ಹೇಳಿದರು, ಅಕ್ಕ ಬೋರಿನ ಹತ್ತಿರವೇ ಇದ್ದರು. ಅಕ್ಕನ ಫೋನು ಬರುವ ಮೊದಲೇ ನಾನು ಬಾಯಿ ಹಾಕಿ, ಬೋರು ಬತ್ತಿದೆ ಅನ್ನಬಹುದಲ್ಲ ಎಂದುಬಿಟ್ಟೆ. ಅತ್ತೆ ನನ್ನ ಕೈ ಹಿಡಿದರು.

“ಹಂಗ ಅನಬಾರ್ದವಾ. ನೀರಿಗಿ ಹಂಗ ಅನಬಾರ್ದು.”

ಈ ಮನೆಯವರು ಯಾರೂ ಬೋರಿನ ಮುಂದೆ ಬತ್ತಿತು, ಮುಗಿಯಿತು, ತೀರಿತು ಎನ್ನುವುದಿಲ್ಲ. ನೀರು ಕೆಳಗೆ ಹೋದರೆ ಬೋರು ದಮ್ಮು ತೆಗೆದುಕೊಳ್ಳುತ್ತಿದೆ ಎನ್ನುತ್ತಾರೆ. ದಣಿದವರು ಕುಳಿತು ಎದ್ದ ಹಾಗೆ ಅದೂ ಏಳುತ್ತದೆ ಎಂಬ ನಂಬಿಕೆ. ಆದರೆ ದಮ್ಮು ತೆಗೆದುಕೊಳ್ಳುತ್ತಿದೆ ಎಂದು ಪೆಟ್ಟಿಗೆ ಹೇಳಿದರೆ ಮೋಟಾರಿನ ಸಂಗತಿ ತಿಳಿಯುವುದಿಲ್ಲ.

ಈ ಸಿಕ್ಕನ್ನು ಇಂಜಿನಿಯರಿಗೆ ಮರಾಠಿಯಲ್ಲಿ ಹೇಳಿದೆ. ಅವರು ಗಡ್ಡ ಕೆರೆದುಕೊಂಡು, “ಹಾಗೆ ನೋಡಿದರೆ ಬತ್ತಿದೆ ಅಂತ ಹೇಳುವ ಅಧಿಕಾರ ನನ್ನ ಪೆಟ್ಟಿಗೆಗೂ ಇಲ್ಲ,” ಎಂದರು. “ಬೋರಿನ ಒಳಗೆ ಅದಕ್ಕೇನು ಕಾಣುತ್ತದೆ? ನೀರಿನ ಭಾರ ಬೀಳದಿದ್ದರೆ ಮೋಟಾರು ಎಳೆಯುವ ಕರೆಂಟು ಕಡಿಮೆಯಾಗುತ್ತದೆ. ಪೆಟ್ಟಿಗೆಗೆ ಗೊತ್ತಾಗುವುದು ಅಷ್ಟೇ. ನೀರು ಇಳಿದಿರಬಹುದು, ಪೈಪು ಸೀಳಿರಬಹುದು, ವಾಲ್ವು ಮುಚ್ಚಿರಬಹುದು.”

ಅಷ್ಟರಲ್ಲಿ ಅಕ್ಕ ಬೋರಿನ ಹತ್ತಿರದಿಂದ ಫೋನಿನಲ್ಲಿ, ನಾವೆಲ್ಲ ಚರ್ಚೆ ಮಾಡುತ್ತಿರುವುದು ಗೊತ್ತಿಲ್ಲದೆ, ಜೋರಾಗಿ ಹೇಳಿದರು. “ಅತ್ತಿ, ಕೇಳಸ್ತೇನ? ಮೋಟರ ತಿರಗಾಕತ್ತದ, ಖರೆ ನೀರ ಎತ್ತವಲ್ದು.”

ತಿರುಗುತ್ತಿದೆ, ಆದರೆ ನೀರು ಎತ್ತುತ್ತಿಲ್ಲ. ಪೆಟ್ಟಿಗೆಗೆ ಗೊತ್ತಿರುವುದೂ ಅಷ್ಟೇ, ಅತ್ತೆಗೆ ತಿಳಿಯಬೇಕಾದದ್ದೂ ಅಷ್ಟೇ, ನೀರಿಗೆ ಬೇಸರವೂ ಇಲ್ಲ. ನಾನು ಅದನ್ನು ಮರಾಠಿಗೆ ತಿರುಗಿಸಿ ಹೇಳಿದಾಗ ಇಂಜಿನಿಯರು ಎದ್ದು ನಿಂತರು. ಇಂಗ್ಲಿಷಿನ ಆ ಎರಡು ಪದಕ್ಕಿಂತ ಇದೇ ಸರಿಯಾಗಿದೆ, ಮರಾಠಿಯ ತುಂಡನ್ನೂ ಹೀಗೇ ಬದಲಿಸುತ್ತೇನೆ ಎಂದರು. ಅವತ್ತು ಜತ್ತಕ್ಕೆ ಮರಳುವಾಗ ಅವರ ಗಾಡಿಯಲ್ಲಿ ನಾವಿಬ್ಬರೂ ದಾರಿಯುದ್ದಕ್ಕೂ ಒಬ್ಬರ ಮಾತು ಇನ್ನೊಬ್ಬರು ಕಸಿದುಕೊಂಡು ಮಾತಾಡಿದೆವು.

ಆ ಹುರುಪು ಮರುದಿನಕ್ಕೆ ಜರ್ರನೆ ಇಳಿಯಿತು. ಪೂರ್ತಿ ವಾಕ್ಯಗಳು ಚಿಪ್‌ನಲ್ಲಿ ಹಿಡಿಸಲಿಲ್ಲ. ಇಂಜಿನಿಯರು ಫೋನು ಮಾಡಿ, ದನಿಯನ್ನು ಎಷ್ಟು ಒತ್ತಿ ತುಂಬಿದರೂ ಕೊನೆಯ ಮಾತುಗಳು ಹೊರಗೆ ಉಳಿಯುತ್ತವೆ, ಮತ್ತೆ ತುಂಡುಗಳಿಗೇ ಹೋಗೋಣ ಎಂದರು. ತುಂಡು ಎಂದರೆ ಮತ್ತೆ ಒಂದೇ ಪದ. ಒಂದೇ ಪದ ಎಂದರೆ ಅತ್ತೆಗೆ ತಿಳಿಯದು, ಅಕ್ಕ ಸೋಲಾಪುರಕ್ಕೆ ಹೋಗುವುದಿಲ್ಲ.

ನಾನು ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೊಂದು ಸಾಲಿಗೂ ಎಷ್ಟು ಹೊತ್ತು ಹಿಡಿಯುತ್ತದೆಂದು ಓದಿ ಓದಿ ಅಳೆದೆ. ಎಲ್ಲಕ್ಕಿಂತ ಉದ್ದದ್ದು ಯಾವುದು ಗೊತ್ತೇ? ಸ್ವಾಗತ, ಅಭಿನಂದನೆ, ಕೊನೆಯ ಧನ್ಯವಾದ. ಇಂಜಿನಿಯರಿಗೆ ಅವುಗಳ ಮೇಲೆ ಬಹಳ ಪ್ರೀತಿ, ಹಿಂದೆ ಸಣ್ಣಗೆ ಸಿತಾರು ಬೇರೆ ನುಡಿಸಿದ್ದರು. ಆದರೂ ಧೈರ್ಯ ಮಾಡಿ ಹೇಳಿದೆ. “ಸಾಹೇಬರೇ, ನಿಮ್ಮ ಸ್ವಾಗತ ತೆಗೆಯಿರಿ. ನಾನು ನನ್ನ ‘ದಯವಿಟ್ಟು’ಗಳನ್ನೆಲ್ಲ ತೆಗೆಯುತ್ತೇನೆ. ಮನೆಯವರ ಫೋನು ಬಂದರೆ ಯಾರಾದರೂ ಸ್ವಾಗತ ಹೇಳುತ್ತಾರೆಯೇ?”

ಸ್ವಾಗತ ಬೇಕಾದರೆ ತೆಗೆಯುತ್ತೇನೆ, ಸಿತಾರಾದರೂ ಇರಲಿ ಎಂದರು. ಸಿತಾರೂ ಬೇಡ ಎಂದೆ. ಕೊನೆಗೆ ಒಪ್ಪಿದರು, ಎಲ್ಲ ವಾಕ್ಯಗಳೂ ಹಿಡಿಸಿದವು.

ಉಳಿದದ್ದು ದನಿ. ಸ್ಟುಡಿಯೋದ ಅದೇ ಗಂಡಸು ಫೋನಿನಲ್ಲಿ ಒಮ್ಮೆ ಹೇಳಿ ತೋರಿಸಿದರು. ‘ಎತ್ತವಲ್ದು’ ಎಂಬುದು ಅವರ ಬಾಯಲ್ಲಿ ಬಯಲಾಟದ ರಾಕ್ಷಸ ಗದೆ ಎತ್ತಿದ ಹಾಗೆ ಕೇಳಿಸಿತು. ನಾನು ಶುಕ್ರವಾರ ಅಸಂಗಿಗೆ ಹೋಗಿ ಅಕ್ಕನಿಗೇ ಹೇಳಿದೆ, ನೀವೇ ಹೇಳಿಬಿಡಿ.

“ನಾನs? ಶಾಣ್ಯಾ ಮಂದಿ ನಗ್ತಾರ್ರಿ.”

“ನಗಲಿ. ನಿಮ್ಮತ್ತಿಗಿ ತಿಳದ್ರ ಸಾಕು.”

ಒಳಕೋಣೆಯ ಗೋಡೆಗೆಲ್ಲ ಕೌದಿ ಕಟ್ಟಿ ಸದ್ದು ಒಳಗೆ ಬಾರದ ಹಾಗೆ ಮಾಡಿದೆವು. ಹೊರಗೆ ಟ್ರ್ಯಾಕ್ಟರು ಹೋದಾಗಲೆಲ್ಲ ನಿಲ್ಲಿಸಬೇಕು, ಎಮ್ಮೆ ಕೂಗಿದರೆ ಮತ್ತೆ ಮೊದಲಿನಿಂದ. ಅಕ್ಕ ಓದಲಿ ಎಂದು ಕನ್ನಡದ ಸಾಲುಗಳನ್ನು ನಾನು ಮರಾಠಿ ಅಕ್ಷರದಲ್ಲಿ ಬರೆದುಕೊಟ್ಟಿದ್ದೆ. ಹಾಗೆ ಬರೆಯುವಾಗ ಕೈ ಒಂದು ಗಳಿಗೆ ತಡೆಯಿತು, ನಿಜ ಹೇಳುತ್ತೇನೆ, ಸ್ವಲ್ಪ ನೋವೂ ಆಯಿತು. ಆದರೆ ಅವರು ಓದತೊಡಗಿದಾಗ ಹೊರಟಿದ್ದು ಅಪ್ಪಟ ನಮ್ಮ ಕನ್ನಡ. ಆಮೇಲಾಮೇಲೆ ಅವರು ಕಾಗದ ಪಕ್ಕಕ್ಕಿಟ್ಟು, ಎದುರಿಗೆ ಅತ್ತೆಯನ್ನು ಕೂರಿಸಿಕೊಂಡು, ಅವರಿಗೇ ಹೇಳುವ ಹಾಗೆ ಹೇಳಿದರು. ಶನಿವಾರ ದನಿ ತುಂಬಿದ ಪೆಟ್ಟಿಗೆ ಬೇವಿನ ಕೆಳಗೆ ಕೂತಿತು. ಅತ್ತೆ ಎರಡು ದಿನ ಅದರ ಜೊತೆ ಫೋನಿನಲ್ಲಿ ಅಭ್ಯಾಸ ಮಾಡಿದರು, ಒಂದು ಒತ್ತಿದರೆ ಹಚ್ಚುವುದು, ಎರಡು ಒತ್ತಿದರೆ ಬಂದ್ ಮಾಡುವುದು. ಸೋಮವಾರ ನಸುಕಿನಲ್ಲಿ ಅಕ್ಕ ಹೊಸ ಸೀರೆ ಉಟ್ಟು ಸೋಲಾಪುರದ ಬಸ್ಸು ಹತ್ತಿದರು.

ಅವತ್ತು ನಾನು ಅಂಗಡಿ ತೆರೆಯಲಿಲ್ಲ. ಇಂಜಿನಿಯರೂ ನಾನೂ ಅತ್ತೆಯ ಕಟ್ಟೆಯ ಮೇಲೆ ಕುಳಿತೆವು. ಏನೇ ಆದರೂ ನಾವು ಕೈ ಹಾಕಬಾರದೆಂಬ ಒಪ್ಪಂದವಾಗಿತ್ತು. ಬೆಳಿಗ್ಗೆ ಕರೆಂಟು ಬಂತು, ಪೆಟ್ಟಿಗೆ ಫೋನು ಮಾಡಿ ಮೋಟಾರು ಹಚ್ಚಿದ್ದೇನೆ, ನೀರು ಬರುತ್ತಿದೆ ಎಂದಿತು. ಅತ್ತೆ ಹೂಂ ಎಂದರು.

ಹೊತ್ತು ನೆತ್ತಿಗೆ ಬರುವ ಮುಂಚೆ ಫೋನು ಮತ್ತೆ ರಿಂಗಾಯಿತು. ಅತ್ತೆ ಸ್ಪೀಕರು ಒತ್ತಿದರು. ಅಕ್ಕನ ದನಿ, ತಡವರಿಸದೆ, ಪಕ್ಕದಲ್ಲೇ ನಿಂತಂತೆ:

“ಅತ್ತಿ, ಮೋಟರ ತಿರಗಾಕತ್ತದ, ಖರೆ ನೀರ ಎತ್ತವಲ್ದು. ಬಂದ್ ಮಾಡೀನಿ.”

‘ಅತ್ತಿ’ ಎಂಬುದು ನನ್ನ ಪಟ್ಟಿಯಲ್ಲಿರಲಿಲ್ಲ. ಕೌದಿಗಳ ನಡುವೆ ಅಕ್ಕ ತಾವಾಗಿಯೇ ಸೇರಿಸಿದ್ದರು, ನಾನೂ ಅಳಿಸಿರಲಿಲ್ಲ. ಇಂಜಿನಿಯರು ನನ್ನ ಕಡೆ ನೋಡಿದರು. ಹೋದ ಹಂಗಾಮಿನಲ್ಲಿ ಮೋಟಾರು ಸುಟ್ಟದ್ದು ಇಂಥ ಗಳಿಗೆಯಲ್ಲೇ.

ಅತ್ತೆಗೆ ಮಾತ್ರ ಯಾವ ಗಾಬರಿಯೂ ಇರಲಿಲ್ಲ. “ಬಂದ್ ಮಾಡಿದೇನ? ಚಲೋ ಮಾಡ್ದಿ. ಬೋರ ದಮ್ ತಗೊಳ್ಳಲಿ, ಉಂಡ ಮ್ಯಾಲ ಹಚ್ಚೋಣು,” ಎಂದು ಫೋನಿಗೆ ಹೇಳಿದರು. ಊಟವಾದ ಮೇಲೆ ತಾವೇ ಅದಕ್ಕೆ ಫೋನು ಮಾಡಿ, ಒಂದು ಒತ್ತಿದರು.

“ಮೋಟರ ಹಚ್ಚೀನಿ ಅತ್ತಿ. ನೀರ ಬರಾಕತ್ತದ.”

ದೂರದ ಬಳ್ಳಿಗಳ ಬುಡದಲ್ಲಿ ಡ್ರಿಪ್ಪಿನ ಪೈಪುಗಳು ತೊಟ್ಟಿಕ್ಕತೊಡಗಿದವು. ಇಂಜಿನಿಯರು ಮಗುವಿನ ಹಾಗೆ ನನ್ನ ಕೈ ಕುಲುಕಿದರು. ನಾನು ಕಣ್ಣು ಒರೆಸಿಕೊಂಡೆ. ಅತ್ತೆ ಮಾತ್ರ ಫೋನನ್ನು ಇನ್ನೂ ಕೈಯಲ್ಲೇ ಹಿಡಿದಿದ್ದರು.

“ಕುಬಸ ಚಂದ ಆತೇನ? ಪೋರಿಗಿ ಹಸರ ಬಳಿ ಇಡಿಸಿದ್ರೇನ? ನೀ ಹೊತ್ತಿಗಿ ಉಂಡಿ ಏನ?” ಎಂದು ಕೇಳುತ್ತಿದ್ದರು. ಆ ಕಡೆ ಸದ್ದಿರಲಿಲ್ಲ, ಪೆಟ್ಟಿಗೆಯ ಮಾತು ಮುಗಿದಿತ್ತು.

ಏನು ಹೇಳುತ್ತಿದ್ದಾರೆ ಎಂದು ಇಂಜಿನಿಯರು ಕೇಳಿದರು. ನಾನು ಮರಾಠಿಯಲ್ಲಿ ಹೇಳಿದೆ. ಅವರು ಮೆಲ್ಲಗೆ, ಅದು ಯಂತ್ರ ಎಂದು ಅವರಿಗೆ ತಿಳಿಸಿ ಎಂದರು. ತಿಳಿಸಿದೆ.

“ಗೊತ್ತದ ನಂಗ,” ಎಂದು ಅತ್ತೆ ನಕ್ಕರು. “ದನಿ ಅಕಿದಲ್ಲ? ಮನಿ ಬಿಟ್ಟು ಹೋದಾಕಿ ದನಿ ಕೇಳಿದ ಮ್ಯಾಲ 'ಉಂಡಿ ಏನ' ಅಂತ ಕೇಳದs ಫೋನ ಇಡಾಕ ಬರ್ತದೇನ?”